ಶಿರಸಿಯಲ್ಲಿ ನಾಲ್ಕು ಭಾನುವಾರ: ಮೂರು ಕಣಗಳ ಹೆಣಿಗೆ ಅಳೆಯುವ ಕ್ಲಾಸು ಹೇಗಿತ್ತು

ಶಿರಸಿಯಲ್ಲಿ ನಾಲ್ಕು ಭಾನುವಾರ ನಡೆದ ಕ್ವಾಂಟಮ್ ಭೌತಶಾಸ್ತ್ರದ ಕ್ಲಾಸಿಗೆ ನಾನೂ ಮಗಳೂ ಹೋಗಿಬಂದೆವು. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ನಾಲ್ಕು ಭಾನುವಾರಕ್ಕೆ ಒಬ್ಬರಿಗೆ 1,500 ರೂಪಾಯಿ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಕಷಾಯ, ನೋಟ್ಸಿನ ಪುಸ್ತಕ ಎಲ್ಲ ಅದರಲ್ಲೇ ಬಂತು. ನಾನೂ ಮಗಳೂ ಸೇರಿ 3,000 ಕೊಟ್ಟೆವು. ಕುಮಟಾದಿಂದ ಶಿರಸಿಗೆ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ, ಹಾಗಾಗಿ ಆ ಖರ್ಚು ಇರಲಿಲ್ಲ. ಆದರೆ ಆಷಾಢದ ಮಳೆಯಲ್ಲಿ ನಾಲ್ಕು ವಾರ ದೇವಿಮನೆ ಘಟ್ಟ ಹತ್ತಿ ಇಳಿದದ್ದಕ್ಕೂ ಒಂದು ಲೆಕ್ಕ ಇದೆ ಅಲ್ವಾ. ಅದನ್ನೂ ಸೇರಿಸಿ ಹೇಳುತ್ತೇನೆ, ಕೊಟ್ಟ ದುಡ್ಡು ದಂಡವಾಗಲಿಲ್ಲ.

ಕಲಿಸುವವರು ನಿವೃತ್ತ ಫಿಸಿಕ್ಸ್ ಉಪನ್ಯಾಸಕಿ. ನಮ್ಮ ಕಡೆ ರೂಢಿಯಂತೆ ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಅಡಕೆ ತೋಟದ ಪಕ್ಕದ ಮನೆ, ಉಪ್ಪರಿಗೆಯಲ್ಲಿ ಕ್ಲಾಸು, ಒಂದು ಬೋರ್ಡು, ಒಂದು ಹಳೆ ಪ್ರೊಜೆಕ್ಟರು. ನಾವು ಒಟ್ಟು ಹನ್ನೆರಡು ಜನ. ಬಿಎಸ್ಸಿ ಓದುವ ಹುಡುಗರೇ ಜಾಸ್ತಿ. ಊರಿನಿಂದಲೇ ಕೆಲಸ ಮಾಡುವ ಇಬ್ಬರು ಸಾಫ್ಟ್‌ವೇರ್ ಹುಡುಗರಿದ್ದರು, ಕಾರವಾರದಿಂದ ಬರುತ್ತಿದ್ದ ಒಬ್ಬ ಕಾಲೇಜು ಮಾಸ್ತರ್ರಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸುವವಳು. ನನಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅಳುಕು ಇತ್ತು. ಮ್ಯಾಟ್ರಿಕ್ಸ್ ಗುಣಿಸಲು ಬಂದರೆ, ಸಂಭವನೀಯತೆಯ ಲೆಕ್ಕ ಮರೆಯದೆ ಇದ್ದರೆ ಸಾಕು. ಉಳಿದದ್ದನ್ನು ಅವರು ಕೈಹಿಡಿದು ದಾಟಿಸುತ್ತಾರೆ.

ವಿಷಯ ಇಷ್ಟೇ: ಮೂರು ಅಥವಾ ಅದಕ್ಕಿಂತ ಹೆಚ್ಚು ಕಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಆ ಹೆಣಿಗೆ ಎಷ್ಟು ಗಟ್ಟಿ? ಹೆಣಿಗೆ ಅಂದರೆ ಕಣಗಳು ಎಷ್ಟೇ ದೂರವಿದ್ದರೂ ಒಂದನ್ನು ಅಳೆದಾಗ ಬರುವ ಉತ್ತರ ಇನ್ನೊಂದರ ಉತ್ತರದ ಜೊತೆ ಕೂಡಿಕೊಂಡೇ ಇರುವ ಕ್ವಾಂಟಮ್ ನಂಟು. ಎಂಟ್ಯಾಂಗಲ್‌ಮೆಂಟ್ ಎಂಬ ಉದ್ದ ಪದಕ್ಕೆ ಅಕ್ಕೋರು ಹೆಣಿಗೆ ಎನ್ನುತ್ತಾರೆ, ಎರಡನೇ ವಾರದ ಹೊತ್ತಿಗೆ ನಮಗೂ ಅದೇ ರೂಢಿಯಾಯಿತು.

ಮೊದಲ ಭಾನುವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1935ರಲ್ಲಿ ಶ್ರೋಡಿಂಗರ್ ಇದಕ್ಕೆ ಹೆಸರಿಟ್ಟದ್ದು, ಕಣಗಳು ಉತ್ತರವನ್ನು ಮೊದಲೇ ನಿಗದಿ ಮಾಡಿಕೊಂಡಿವೆಯೇ ಎಂದು ಪರೀಕ್ಷಿಸುವ 1964ರ ಬೆಲ್ ಅವರ ಅಸಮಾನತೆ, 2022ರಲ್ಲಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ ನೊಬೆಲ್ ಬಂದದ್ದು, ಇಷ್ಟನ್ನು ಚುರುಕಾಗಿ ಮುಗಿಸಿದರು. ಎರಡು ಕಣಗಳಿದ್ದರೆ ಕಷ್ಟವಿಲ್ಲ. 1998ರಲ್ಲಿ ವೂಟರ್ಸ್ ಕೊಟ್ಟ ಸೂತ್ರ ಇದೆ, ಕನ್‌ಕರೆನ್ಸ್ ಅಂತ. ಸೊನ್ನೆ ಬಂದರೆ ಹೆಣಿಗೆ ಇಲ್ಲ, ಒಂದು ಬಂದರೆ ಪೂರ್ತಿ ಹೆಣಿಗೆ. ಗೊತ್ತಿದ್ದವರಿಗೆ ಈ ದಿನ ಸ್ವಲ್ಪ ಬೇಸರ ಬರಬಹುದು.

ಕ್ಲಾಸು ನಿಜವಾಗಿ ಶುರುವಾದದ್ದು ಎರಡನೇ ವಾರ. ಹೊರಗೆ ಮಳೆ ಹುಯ್ಯುತ್ತಿತ್ತು. ಅಕ್ಕೋರು ಕೆಳಗಿನಿಂದ ಹೂವು ಕಟ್ಟುವ ಬಾಳೆನಾರಿನ ಕಟ್ಟು ತಂದರು. ನಾರನ್ನು ನೆನೆಸಿ ಮೂರು ಬಳೆ ಮಾಡಿ ಒಂದರೊಳಗೊಂದು ಸಿಕ್ಕಿಸಿದರು. ನೋಡಿದರೆ ಬಿಡಿಸಲು ಬರುವುದಿಲ್ಲ. ಆದರೆ ಯಾವ ಎರಡು ಬಳೆ ಹಿಡಿದು ನೋಡಿದರೂ ಅವೆರಡು ಒಂದರೊಳಗೊಂದು ಹಾದಿಲ್ಲ, ಸುಮ್ನೆ ಮೇಲೆ ಕೆಳಗೆ ಕೂತಿವೆ. ಮೂರನೆಯದು ಇರುವುದರಿಂದಲೇ ನಿಂತಿವೆ. ಮಗಳಿಗೆ ಮೆಟ್ಟುಗತ್ತಿ ತೋರಿಸಿ, "ತಂಗೀ, ಯಾವುದಾದರೂ ಒಂದನ್ನು ಕೊಯ್ಯಿ" ಎಂದರು. ಒಂದನ್ನು ಕೊಯ್ದ ಕೂಡಲೇ ಉಳಿದೆರಡು ತಾವೇ ಬೇರೆಯಾಗಿ ಮೊಣಕಾಲ ಮೇಲೆ ಬಿದ್ದವು. ಇದು ಜಿಎಚ್‌ಝಡ್ ಸ್ಥಿತಿ. ಗ್ರೀನ್‌ಬರ್ಗರ್, ಹಾರ್ನ್, ಝೈಲಿಂಗರ್ 1989ರಲ್ಲಿ ಹೇಳಿದ್ದು. ಕಣವನ್ನು ಅಳೆದಾಗ ಬರುವ ಎರಡು ಉತ್ತರಗಳಿಗೆ 0, 1 ಎನ್ನೋಣ. ಮೂರೂ ಕಣ 0 ಅಥವಾ ಮೂರೂ 1, ಎರಡೂ ಒಟ್ಟಿಗೆ ಇರುವ ಸ್ಥಿತಿ. ಒಂದು ಕಣ ಕಳೆದುಹೋದರೆ ಉಳಿದೆರಡರ ನಡುವೆ ಹೆಣಿಗೆ ಉಳಿಯುವುದಿಲ್ಲ.

ಆಮೇಲೆ ಇನ್ನೊಂದು ಮೂರು ಬಳೆ. ಈ ಸಲ ಪ್ರತಿಯೊಂದೂ ಉಳಿದೆರಡರೊಳಗೆ ಹಾದಿದೆ. ಒಂದನ್ನು ಕೊಯ್ದರೂ ಉಳಿದೆರಡು ಕೂಡಿಕೊಂಡೇ ಇದ್ದವು. ಇದು ಡಬ್ಲ್ಯೂ ಸ್ಥಿತಿ. ಮೂರರಲ್ಲಿ ಒಂದೇ ಒಂದು ಕಣ 1 ಆಗಿರುತ್ತದೆ, ಅದು ಯಾವುದು ಎಂಬುದು ಮೂವರಲ್ಲೂ ಸಮನಾಗಿ ಹಂಚಿಹೋಗಿರುತ್ತದೆ. 2000ದಲ್ಲಿ ಡ್ಯೂರ್, ವಿಡಾಲ್, ಸಿರಾಕ್ ಎಂಬ ಮೂವರು ತೋರಿಸಿದ್ದು ಏನೆಂದರೆ, ಒಂದು ಕಣ ಕಾರವಾರದಲ್ಲಿ, ಒಂದು ಕುಮಟಾದಲ್ಲಿ, ಒಂದು ಶಿರಸಿಯಲ್ಲಿ ಇಟ್ಟುಕೊಂಡು, ಮೂವರೂ ತಮ್ಮತಮ್ಮ ಕಣದ ಮೇಲೆ ಏನು ಬೇಕಾದರೂ ಮಾಡಿ, ಫೋನಿನಲ್ಲಿ ಎಷ್ಟು ಮಾತಾಡಿಕೊಂಡರೂ, ಒಂದು ಜಿಎಚ್‌ಝಡ್ ಸ್ಥಿತಿಯನ್ನು ಡಬ್ಲ್ಯೂ ಆಗಿ ಬದಲಿಸಲು ಬರುವುದಿಲ್ಲ, ಡಬ್ಲ್ಯೂವನ್ನು ಜಿಎಚ್‌ಝಡ್ ಮಾಡಲೂ ಬರುವುದಿಲ್ಲ. ಅಪ್ಪಿತಪ್ಪಿಯೂ ಆಗುವುದಿಲ್ಲ. ಹಾಗಿರುವಾಗ ಯಾವುದು ಜಾಸ್ತಿ ಗಟ್ಟಿ ಎಂದು ಒಂದೇ ನಂಬರಿನಲ್ಲಿ ಹೇಗೆ ಹೇಳುವುದು?

ನನಗೆ ತುಂಬಾ ಮೆಚ್ಚುಗೆಯಾದದ್ದು ಇದರ ಮುಂದಿನ ಮಾತು. ಬಳೆಯ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಬಿಡಬೇಕು ಎಂಬುದನ್ನೂ ಅವರು ಅವತ್ತೇ ಹೇಳಿದರು. ಜಿಎಚ್‌ಝಡ್‌ನಲ್ಲಿ ಒಂದು ಕಣವನ್ನು 0ಯೋ 1ಯೋ ಎಂದು ನೋಡಿದರೆ ಉಳಿದ ಹೆಣಿಗೆ ಮುರಿಯುತ್ತದೆ, ನಿಜ. ಅದೇ ಕಣವನ್ನು 0, 1 ಎಂದು ನೋಡುವ ಬದಲು ಎಕ್ಸ್ ದಿಕ್ಕು ಎಂಬ ಬೇರೆ ರೀತಿಯಲ್ಲಿ ಅಳೆದು, ಬಂದ ಉತ್ತರವನ್ನು ಉಳಿದಿಬ್ಬರಿಗೆ ತಿಳಿಸಿದರೆ, ಅವರಿಬ್ಬರ ನಡುವೆ ಪೂರ್ತಿ ಹೆಣಿಗೆ ಸಿಗುತ್ತದೆ. ಬಾಳೆನಾರಿನಲ್ಲಿ ಇದನ್ನು ತೋರಿಸಲು ಬರುವುದಿಲ್ಲ. ಹೋಲಿಕೆ ಕೊಟ್ಟು ಅಲ್ಲಿಗೇ ಬಿಟ್ಟುಹೋಗುವ ವಿಡಿಯೋಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಊಟದ ಬಗ್ಗೆ ಇಲ್ಲೇ ಹೇಳುತ್ತೇನೆ. ಒಂದೆಲಗದ ತಂಬುಳಿ, ಪತ್ರೊಡೆ, ಹಲಸಿನ ಹಪ್ಪಳ, ಬಿಸಿ ಅನ್ನ. ಮಳೆಗಾಲದಲ್ಲಿ ಇನ್ನೇನು ಬೇಕು.

ಮೂರನೇ ಭಾನುವಾರದ ಕ್ಲಾಸು ಇಡೀ ಕೋರ್ಸಿನ ತಿರುಳು. ಅಕ್ಕೋರು ಬೋರ್ಡಿನ ಮೇಲೆ ಜಮಾ ಖರ್ಚಿನ ಪುಸ್ತಕದ ಹಾಗೆ ಗೆರೆ ಎಳೆದರು. ಕಣಗಳಿಗೆ ಎ, ಬಿ, ಸಿ ಎಂದು ಹೆಸರು. ಎ ಎಂಬ ಕಣಕ್ಕೆ ಉಳಿದವೆರಡರ ಜೊತೆ ಒಟ್ಟು ಎಷ್ಟು ಹೆಣಿಗೆ ಇದೆ, ಅದನ್ನು ಎಡಕ್ಕೆ ಬರೆಯಿರಿ. ಬಿ ಜೊತೆ ಒಂಟಿಯಾಗಿ ಎಷ್ಟು, ಸಿ ಜೊತೆ ಒಂಟಿಯಾಗಿ ಎಷ್ಟು, ಅದನ್ನು ಬಲಕ್ಕೆ ಬರೆಯಿರಿ. ಎರಡೂ ಕಡೆ ಬರೆಯುವುದು ಕನ್‌ಕರೆನ್ಸ್‌ನ ವರ್ಗ. ಕಳೆಯಿರಿ. ಉಳಿದ ಬಾಕಿ ಮೂವರೂ ಸೇರಿದಾಗ ಮಾತ್ರ ಇರುವ ಹೆಣಿಗೆ. ಕಾಫ್‌ಮನ್, ಕುಂಡು, ವೂಟರ್ಸ್ 2000ದಲ್ಲಿ ಕೊಟ್ಟ ಲೆಕ್ಕ ಇದು. ಈ ಬಾಕಿಗೆ ಥ್ರೀ-ಟ್ಯಾಂಗಲ್ ಎನ್ನುತ್ತಾರೆ. ಬಾಕಿ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಒಬ್ಬನ ಹತ್ತಿರ ಇರುವುದೇ ಇಷ್ಟು, ಬಿಗೆ ಜಾಸ್ತಿ ಕೊಟ್ಟರೆ ಸಿಗೆ ಕೊಡಲು ಕಡಿಮೆ ಉಳಿಯುತ್ತದೆ.

ನಾವೇ ಕೈಯಾರೆ ಮಾಡಿದೆವು. ಡಬ್ಲ್ಯೂ ತೆಗೆದುಕೊಳ್ಳಿ. ಎ ಒಂದನ್ನೇ ನೋಡಿದರೆ 0 ಸಿಗುವ ಸಂಭವ 2/3, 1 ಸಿಗುವ ಸಂಭವ 1/3. ಗುಣಿಸಿದರೆ 2/9, ಅದರ ನಾಲ್ಕು ಪಟ್ಟು 8/9. ಇದು ಎಡಗಡೆಯ ಒಟ್ಟು. (ಹೀಗೆ ನೇರ ಗುಣಿಸಲು ಬರುವುದು ಇಲ್ಲಿ ಒಂಟಿ ಕಣದ ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ಮೇಲೆ ಮಾತ್ರ ಸಂಖ್ಯೆ ಇರುವುದರಿಂದ. ಎಲ್ಲ ಕಡೆ ಹಾಗೇ ಮಾಡಬೇಡಿ.) ಬಿ ಜೊತೆ ಕನ್‌ಕರೆನ್ಸ್ 2/3, ವರ್ಗ ಮಾಡಿದರೆ 4/9. ಸಿ ಜೊತೆಗೂ 4/9. ಕೂಡಿದರೆ 8/9. ಬಾಕಿ ಸೊನ್ನೆ! ಜಿಎಚ್‌ಝಡ್‌ನಲ್ಲಿ ಒಟ್ಟು 1, ಬಿ ಜೊತೆ ಸೊನ್ನೆ, ಸಿ ಜೊತೆ ಸೊನ್ನೆ, ಬಾಕಿ ಪೂರ್ತಿ 1. ಮೊದಲ ವಾರ ಸುಮ್ಮನೆ ಕೂತಿದ್ದ ಹುಡುಗರೆಲ್ಲ ಈಗ ಬೋರ್ಡಿನ ಹತ್ತಿರ ಹೋಗಿ ನಿಂತಿದ್ದರು.

ಮಗಳು ಎದ್ದು ಕೇಳಿದಳು, "ಅಕ್ಕೋರೇ, ಹಂಗಾದ್ರೆ ಡಬ್ಲ್ಯೂದಲ್ಲಿ ಮೂವರ ಹೆಣಿಗೆ ಇಲ್ವಾ?"

"ಇದೆ ತಂಗೀ. ಈ ತಕ್ಕಡಿಗೆ ಅದು ಕಾಣುವುದಿಲ್ಲ, ಅಷ್ಟೇ. ಬೇರೆ ತಕ್ಕಡಿ ತರೋಣ" ಎಂದು ಪೇಪರು ಕತ್ತರಿ ಕೊಟ್ಟರು. ಎ ಮತ್ತು ಉಳಿದಿಬ್ಬರು, ಬಿ ಮತ್ತು ಉಳಿದಿಬ್ಬರು, ಸಿ ಮತ್ತು ಉಳಿದಿಬ್ಬರು, ಹೀಗೆ ಮೂರು ಒಟ್ಟು ಬರುತ್ತವಲ್ಲ, ಆ ಮೂರನ್ನು ತ್ರಿಕೋನದ ಮೂರು ಬದಿ ಮಾಡಬೇಕು. ಅದರ ವಿಸ್ತೀರ್ಣದಿಂದ ಹೆಣಿಗೆಯ ಅಳತೆ ಸಿಗುತ್ತದೆ. 2021ರಲ್ಲಿ ಷಿಯೆ ಮತ್ತು ಎಬರ್ಲಿ ಎಂಬ ಇಬ್ಬರು ಕೊಟ್ಟ ಅಳತೆ. ಜಿಎಚ್‌ಝಡ್‌ಗೆ ಮೂರೂ ಬದಿ 1, ಅಳತೆಯೂ 1. ಡಬ್ಲ್ಯೂಗೆ ಮೂರೂ ಬದಿ 8/9, ಅಳತೆಯೂ 8/9. ಎ ಒಂಟಿಯಾಗಿ ಹೊರಗಿದ್ದು ಬಿ, ಸಿ ಮಾತ್ರ ಹೆಣೆದುಕೊಂಡಿದ್ದರೆ ಬದಿಗಳು 0, 1, 1. ಕತ್ತರಿಸಲು ಹೋದರೆ ತ್ರಿಕೋನವೇ ಇಲ್ಲ, ಬರೀ ಗೆರೆ. ಹೈಸ್ಕೂಲಿನಲ್ಲಿ ಹೆರಾನ್ ಸೂತ್ರ ಕಲಿಸುವ ನನಗೆ ಅದು ಇಲ್ಲಿ ಬಂದು ಭೇಟಿಯಾಗುತ್ತದೆ ಎಂದು ಗೊತ್ತೇ ಇರಲಿಲ್ಲ. ಆ ಪೇಪರಿನ ತ್ರಿಕೋನ ಈಗಲೂ ನನ್ನ ಟೀಚಿಂಗ್ ಡೈರಿಯಲ್ಲಿದೆ.

ಒಂದು ತಕ್ಕಡಿಯಲ್ಲಿ ಡಬ್ಲ್ಯೂ ಸೊನ್ನೆ, ಇನ್ನೊಂದರಲ್ಲಿ 8/9. ಎರಡೂ ಸರಿ. ಏನನ್ನು ಅಳೆಯುತ್ತಿದ್ದೇವೆ ಎಂದು ಮೊದಲು ಹೇಳದೆ ನಂಬರು ಮಾತ್ರ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಬೇರೆಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಸಿಗದ ಮಾತು ಇದು, ಈ ಕ್ಲಾಸಿಗೆ ನಾನು ಕೊಡುವ ಮುಖ್ಯ ಅಂಕವೂ ಇದಕ್ಕೇ.

ನಾಲ್ಕನೇ ವಾರ ನಿಜವಾದ ಯಂತ್ರ. 2016ರ ಮೇ ತಿಂಗಳಲ್ಲಿ ಐಬಿಎಂ 5 ಕ್ಯೂಬಿಟ್‌ನ (ನಮ್ಮ ಲೆಕ್ಕದ ಕಣದ ಜಾಗದಲ್ಲಿ ನಿಲ್ಲುವ ಘಟಕವೇ ಕ್ಯೂಬಿಟ್) ಕ್ವಾಂಟಮ್ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ತೆರೆದಿಟ್ಟಿತು. ಈಗ ಅಂಥ ಸೇವೆಗಳು ಹಲವು ಇವೆ. ಅದರಲ್ಲೊಂದರ ಉಚಿತ ಸಮಯ ಬಳಸಿ ನಾವು ಮೂರು ಕ್ಯೂಬಿಟ್‌ನ ಜಿಎಚ್‌ಝಡ್ ಕಟ್ಟಿದೆವು. ಒಂದು ಹ್ಯಾಡಮಾರ್ಡ್ ಗೇಟು (ಕ್ಯೂಬಿಟ್ಟನ್ನು 0, 1 ಎರಡರಲ್ಲೂ ಸಮವಾಗಿ ಇಡುವುದು), ಎರಡು ಸಿ-ನಾಟ್ ಗೇಟು (ಒಂದು ಕ್ಯೂಬಿಟ್ 1 ಆಗಿದ್ದರೆ ಇನ್ನೊಂದನ್ನು ತಿರುಗಿಸುವುದು), ಅಷ್ಟೇ. ಸಾವಿರ ಸಲ ಓಡಿಸಿದ್ದಕ್ಕೆ 000 ಬಂದದ್ದು 478 ಸಲ, 111 ಬಂದದ್ದು 463 ಸಲ. ಉಳಿದ 59 ಸಲ ಯಂತ್ರದ ತಪ್ಪು. ಅಂದರೆ 0.941.

ಇಷ್ಟಕ್ಕೆ ಹೆಣಿಗೆ ಇದೆ ಅನ್ನಲು ಬರುವುದಿಲ್ಲ. ಮೂರು ನಾಣ್ಯವನ್ನು ಒಟ್ಟಿಗೆ ಅಂಟಿಸಿ ಚಿಮ್ಮಿದರೂ ಮೂರೂ ಒಂದೇ ಮುಖ ಬರುತ್ತದಲ್ಲ. ಹಾಗಾಗಿ ಎಕ್ಸ್, ವೈ ದಿಕ್ಕುಗಳಲ್ಲೂ ಅಳೆಯಬೇಕು. ಮೂರೂ ಎಕ್ಸ್, ಆಮೇಲೆ ಒಂದು ಎಕ್ಸ್ ಎರಡು ವೈ (ಅದು ಮೂರು ರೀತಿ). ಸಾವಿರ ಸಲದಲ್ಲಿ 1ರ ಸಂಖ್ಯೆ ಸಮ ಬಂದದ್ದು ಎಷ್ಟು, ಬೆಸ ಬಂದದ್ದು ಎಷ್ಟು ಎಂದು ಎಣಿಸಿ, ಕಳೆದು, ಸಾವಿರದಿಂದ ಭಾಗಿಸಬೇಕು. ನಮಗೆ ಬಂದದ್ದು 0.90, ಆಮೇಲೆ ಮೈನಸ್ 0.87, ಮೈನಸ್ 0.89, ಮೈನಸ್ 0.86. ಮೊದಲನೆಯದರಿಂದ ಉಳಿದ ಮೂರನ್ನು ಕಳೆದರೆ 3.52. ಕಣಗಳು ಮೊದಲೇ ಉತ್ತರ ನಿಗದಿ ಮಾಡಿಕೊಂಡು ಬಂದಿದ್ದರೆ ಇದು 2 ದಾಟಬಾರದು, ಕ್ವಾಂಟಮ್ ಲೆಕ್ಕದಲ್ಲಿ 4ರವರೆಗೆ ಹೋಗಬಹುದು. 1990ರ ಮರ್ಮಿನ್ ಅಸಮಾನತೆ ಇದು. 3.52 ಪರದೆಯ ಮೇಲೆ ಬಂದಾಗ ಕಾರವಾರದ ಮಾಸ್ತರ್ರು ಎರಡು ಸಲ ಕೂಡಿ ನೋಡಿದರು.

ಅದೇ 3.52ನ್ನು 4ರಿಂದ ಭಾಗಿಸಿದರೆ 0.88. ಇದನ್ನೂ 0.941ನ್ನೂ ಕೂಡಿ ಅರ್ಧ ಮಾಡಿದರೆ ಸುಮಾರು 0.91. ಇದು ಫಿಡೆಲಿಟಿ, ಅಂದರೆ ನಾವು ಕಟ್ಟಬೇಕೆಂದಿದ್ದ ಸ್ಥಿತಿಗೆ ಯಂತ್ರ ಎಷ್ಟು ಹತ್ತಿರ ಬಂತು ಎಂಬುದು. ಜಿಎಚ್‌ಝಡ್‌ಗೆ ಇದು ಅರ್ಧ ದಾಟಿದರೆ ಮೂರೂ ಕಣ ಸೇರಿ ಹೆಣೆದುಕೊಂಡಿರುವುದು ಖಾತ್ರಿ. ಒಟ್ಟು ಐದು ರೀತಿ ಅಳೆದದ್ದಕ್ಕೆ ಕೆಲಸ ಮುಗಿಯಿತು. ಸ್ಥಿತಿಯ ಪೂರ್ತಿ ಜಾತಕ ಬೇಕೆಂದರೆ ಮೂರು ಕಣಕ್ಕೆ 27 ರೀತಿ ಅಳೆಯಬೇಕು. 2005ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 8 ಅಯಾನುಗಳ ಡಬ್ಲ್ಯೂ ಸ್ಥಿತಿ ಮಾಡಿದಾಗ ಅವರು 6,561 ರೀತಿ ಅಳೆದರು, ಮೂರನ್ನು ಎಂಟು ಸಲ ಗುಣಿಸಿದ ಸಂಖ್ಯೆ. ಅದೇ ಊರಿನಲ್ಲಿ 2011ರಲ್ಲಿ 14 ಅಯಾನುಗಳ ಜಿಎಚ್‌ಝಡ್ ಮಾಡಿದಾಗ ಆ ದಾರಿ ಹಿಡಿಯಲು ಬರುವಂತಿರಲಿಲ್ಲ. ಮೂರನ್ನು ಹದಿನಾಲ್ಕು ಸಲ ಗುಣಿಸಿ ನೋಡಿ, 47 ಲಕ್ಷ ದಾಟುತ್ತದೆ.

ಈಗ ಕೊರತೆಗಳು.

ಒಂದು, ನಾಲ್ಕನೇ ದಿನದ ವ್ಯವಸ್ಥೆ. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು, ನೆಟ್ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಇದು ಹೊಸದಲ್ಲ, ಇನ್ವರ್ಟರು ಇಟ್ಟುಕೊಳ್ಳಬೇಕಿತ್ತು. ಮೇಲಿನಿಂದ ಯಂತ್ರದ ಮುಂದೆ ಕ್ಯೂ ಬೇರೆ. ಎರಡು ಗಂಟೆ ಹಾಗೇ ಹೋಯಿತು. ನಾಲ್ಕು ಗಂಟೆಗೆ ಸಿಕ್ಕ ನೆಟ್‌ನಲ್ಲಿ ಒಂದೇ ಗುಂಪಿನ ಕೆಲಸ ಪೂರ್ತಿಯಾಯಿತು, ಉಳಿದವರು ನಮ್ಮ ನಂಬರನ್ನೇ ಬರೆದುಕೊಂಡರು. 1,500 ಕೊಟ್ಟವರಿಗೆ ತಮ್ಮ ಕೈಯಾರೆ ಮಾಡುವ ಅವಕಾಶ ಸಿಗಬೇಕಲ್ವಾ.

ಎರಡು, ಇದು ದೊಡ್ಡದು. 0.91 ಬಂದ ಕೂಡಲೇ ಅರ್ಧ ಕ್ಲಾಸು "91 ಪರ್ಸೆಂಟ್ ಹೆಣಿಗೆ" ಎಂದು ಬರೆದುಕೊಂಡಿತು. ಅದು ತಪ್ಪು. ಫಿಡೆಲಿಟಿ ಅರ್ಧ ದಾಟಿದ್ದರಿಂದ ಹೆಣಿಗೆ ಇದೆ ಎಂದು ಸಾಬೀತಾಯಿತು, ಎಷ್ಟಿದೆ ಎಂಬ ಪ್ರಶ್ನೆ ಬೇರೆ. ಮೂರನೇ ವಾರದ ಜಮಾ ಖರ್ಚು ಶುದ್ಧ ಸ್ಥಿತಿಗಳದ್ದು. ಯಂತ್ರದಿಂದ ಬಂದದ್ದು ಅದರ ತಪ್ಪುಗಳ ಗದ್ದಲ ಬೆರೆತ ಸ್ಥಿತಿ. ಅಂಥದ್ದನ್ನು ಶುದ್ಧ ಸ್ಥಿತಿಗಳ ಮಿಶ್ರಣವಾಗಿ ಲೆಕ್ಕವಿಲ್ಲದಷ್ಟು ರೀತಿಯಲ್ಲಿ ಒಡೆಯಬಹುದು. ಅಷ್ಟರಲ್ಲೂ ಸರಾಸರಿ ಹೆಣಿಗೆ ಎಲ್ಲಿ ಅತಿ ಕಡಿಮೆ ಬರುತ್ತದೋ ಅದನ್ನು ಹುಡುಕಬೇಕು. ಅದು ಬಹಳ ಕಷ್ಟದ ಲೆಕ್ಕ. ಅಕ್ಕೋರಿಗೆ ಇದು ಚೆನ್ನಾಗಿ ಗೊತ್ತು. ನಾನು ಹೊರಡುವಾಗ ಕೇಳಿದ್ದಕ್ಕೆ ಅಂಗಳದಲ್ಲಿ ಕೊಡೆ ಹಿಡಿದು ನಿಂತೇ ಕಾಲು ಗಂಟೆ ವಿವರಿಸಿದರು. ಆದರೆ ಅದು ಹನ್ನೆರಡೂ ಜನರಿಗೆ ಬೋರ್ಡಿನ ಮುಂದೆ ಹೇಳಬೇಕಾದ ಮಾತು. ಮೊದಲ ಭಾನುವಾರವನ್ನು ಅರ್ಧ ದಿನಕ್ಕೆ ಮುಗಿಸಿ ಇದಕ್ಕೆ ಜಾಗ ಮಾಡಬೇಕು.

ಮೂರು, ನೋಟ್ಸು. ಇಡೀ ಕ್ಲಾಸು ಕನ್ನಡದಲ್ಲಿ, ನೋಟ್ಸು ಮಾತ್ರ ಇಂಗ್ಲಿಷಿನಲ್ಲಿ, ಅಕ್ಷರ ಸಣ್ಣದು. ಅದಕ್ಕಿಂತ ಮುಖ್ಯ, ಒಂದು ತಪ್ಪಿತ್ತು. ಡಬ್ಲ್ಯೂ ಸ್ಥಿತಿಗೂ ಫಿಡೆಲಿಟಿ ಅರ್ಧ ದಾಟಿದರೆ ಸಾಕು ಎಂದು ಅಚ್ಚಾಗಿತ್ತು. ಮೂರನೇ ವಾರ ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ನನ್ನ ಹೆಗಲು ತಟ್ಟಿದಳು. "ಆಯಿ, ಇದು ಸರಿ ಇಲ್ಲ ನೋಡು." ಟಿಕೆಟಿನ ಹಿಂದೆ ಬರೆದಿದ್ದಳು. ಎ ಕಣವನ್ನು 0 ಎಂದು ಹೊರಗಿಟ್ಟು, ಬಿ, ಸಿ ಎರಡನ್ನು ಮಾತ್ರ ಹೆಣೆದರೆ, ಅಂದರೆ 01 ಮತ್ತು 10 ಸಮವಾಗಿ ಸೇರಿಸಿದರೆ, ಅದಕ್ಕೂ ಡಬ್ಲ್ಯೂಗೂ ಹೋಲಿಕೆ ಎಷ್ಟು? ಮೂರರ ವರ್ಗಮೂಲದಲ್ಲಿ ಒಂದು ಪಾಲು, ಎರಡರ ವರ್ಗಮೂಲದಲ್ಲಿ ಒಂದು ಪಾಲು, ಎರಡನ್ನೂ ಗುಣಿಸಿ, ಎರಡು ಸಲ ಕೂಡಿಸಿ, ವರ್ಗ ಮಾಡಿದರೆ 4/6. ಅಂದರೆ 2/3! ಇಬ್ಬರ ಹೆಣಿಗೆಯೇ 2/3 ತನಕ ಹೋಗುವುದಾದರೆ ಅರ್ಧ ದಾಟಿದ್ದಕ್ಕೆ ಏನು ಅರ್ಥ? ಘಟ್ಟದ ತಿರುವುಗಳಲ್ಲಿ ಬಸ್ಸು ಓಲಾಡುತ್ತಿತ್ತು, ನಾನು ಅದೇ ಟಿಕೆಟಿನ ಮೇಲೆ ಮತ್ತೊಮ್ಮೆ ಮಾಡಿ ನೋಡಿದೆ. ಅವಳು ಹೇಳಿದ್ದೇ ಸರಿ. ಡಬ್ಲ್ಯೂಗೆ ದಾಟಬೇಕಾದ ಗೆರೆ 2/3.

ಮುಂದಿನ ವಾರ ಟಿಕೆಟು ತೋರಿಸಿದೆವು. ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು. ಏನೂ ಮಾತಾಡದೆ ಹನ್ನೆರಡೂ ನೋಟ್ಸು ತರಿಸಿ, ಒಂದೊಂದರಲ್ಲೂ ಕೆಂಪು ಪೆನ್ನಿನಿಂದ ತಾವೇ ತಿದ್ದಿದರು. ಆಮೇಲೆ ಮಗಳನ್ನು ಬೋರ್ಡಿಗೆ ಕರೆದು ಆ ಲೆಕ್ಕವನ್ನು ಎಲ್ಲರಿಗೂ ಹೇಳಿಕೊಡಿಸಿದರು. ನೋಟ್ಸಿನ ತಪ್ಪನ್ನು ಕೊರತೆಯ ಪಟ್ಟಿಯಲ್ಲೇ ಇಟ್ಟಿದ್ದೇನೆ, ಆದರೆ ತಿದ್ದಿದ ರೀತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಯಾರು ಹೋಗಬಹುದು? ಬಿಎಸ್ಸಿ, ಬಿಇ ಓದುವವರು ಖಂಡಿತ ಹೋಗಿ. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, ಅದರ ಕಂಪ್ಯೂಟಿಂಗ್ ಕೇಂದ್ರ ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲೇ ಇದೆ. ಅಲ್ಲಿಗೆ ಹೋಗಬೇಕೆನ್ನುವ ಮಕ್ಕಳಿಗೆ ಇಲ್ಲಿ ಕೈ ಪಳಗುತ್ತದೆ. ಕಾರವಾರ, ಅಂಕೋಲಾ ಕಡೆಯವರು ಒಂದೇ ದಿನದಲ್ಲಿ ಹೋಗಿಬರುವ ಬದಲು ಶನಿವಾರ ಸಂಜೆಯೇ ಶಿರಸಿಗೆ ಬಂದು ಉಳಿಯುವುದು ಒಳ್ಳೆಯದು, ಮಳೆಯಲ್ಲಿ ಘಟ್ಟದ ರಸ್ತೆ ನಂಬಲು ಬರುವುದಿಲ್ಲ. ಲ್ಯಾಪ್‌ಟಾಪಿಗೆ ಪೂರ್ತಿ ಚಾರ್ಜ್ ಹಾಕಿಕೊಂಡು ಹೋಗಿ. ಕ್ಲೌಡ್ ಸೇವೆಯ ಖಾತೆಯನ್ನು ಮನೆಯಲ್ಲೇ ತೆರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಒಂದು ಗಂಟೆ ಅದಕ್ಕೇ ಹೋಗುತ್ತದೆ.

ಮುಂದಿನ ಬ್ಯಾಚು ದೀಪಾವಳಿ ಆದ ಮೇಲೆ. ಇನ್ವರ್ಟರು ತರಿಸುತ್ತೇನೆ, ನೋಟ್ಸು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದಿದ್ದಾರೆ. ಈ ಕೋರ್ಸು ಮುಗಿಸಿದವರಿಗೆ ನಾಲ್ಕು ಕಣಗಳ ಕ್ಲಾಸು ಬೇರೆ ಇಡುತ್ತಾರಂತೆ. ಮೂರು ಕಣಕ್ಕೆ ಜಿಎಚ್‌ಝಡ್, ಡಬ್ಲ್ಯೂ ಎಂದು ಎರಡೇ ಬಗೆಯಲ್ಲಿ ಮುಗಿದಿತ್ತು. ನಾಲ್ಕಕ್ಕೆ ಒಂಬತ್ತು ಕುಟುಂಬಗಳಿವೆ ಎಂದು 2002ರಲ್ಲೇ ತೋರಿಸಿದ್ದಾರೆ, ಆ ಒಂಬತ್ತನ್ನೂ ಒಂದೊಂದಾಗಿ ನೋಡಬೇಕು ಎಂದರು. ಮಗಳು ಅವತ್ತೇ ಹೆಸರು ಕೊಟ್ಟಳು. ಅವಳ ಕೆಳಗೆ ನಾನೂ ನನ್ನ ಹೆಸರು ಬರೆದೆ.